ಪದ, ಲಕ್ಷಣ, ಪ್ರಯೋಗ: ಅಂಬೇವಾಡಿಯ ಇಂಗ್ಲಿಷ್ ಕಲಿಕೆ

ಕಾಳಿ ನದಿಯ ದಂಡೆಯ ಮೇಲೆ, ಕಾಡಿನ ನಡುವೆ ಬೆಳೆದ ಕೈಗಾರಿಕಾ ಪಟ್ಟಣ ದಾಂಡೇಲಿ. ಅದಕ್ಕೆ ಹೊಂದಿಕೊಂಡಿರುವ ಅಂಬೇವಾಡಿ, ಅಳ್ನಾವರದಿಂದ ಕವಲೊಡೆದು ಬರುವ ರೈಲುಹಾದಿಯ ಕೊನೆಯ ನಿಲ್ದಾಣ. ಕಾಡಿನ ನಾಟಾ, ಕಾರ್ಖಾನೆಯ ಸರಕು ಸಾಗಿದ ಈ ಹಳಿಯ ಮೇಲೆ ಬಹುಕಾಲದ ಬಿಡುವಿನ ಅನಂತರ 2019ರಲ್ಲಿ ಪ್ರಯಾಣಿಕರ ಬಂಡಿ ಮತ್ತೆ ಓಡಿತು. 1955ರಲ್ಲಿ ಸ್ಥಾಪನೆಗೊಂಡು 1959ರಲ್ಲಿ ಉತ್ಪಾದನೆ ಆರಂಭಿಸಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಈ ಸೀಮೆಯ ಬದುಕಿಗೆ ಹೊಸ ಆಕಾರ ಕೊಟ್ಟಿತು. ಕೆಲಸ ಅರಸಿ ಬಂದವರು ತಂತಮ್ಮ ನುಡಿಗಳನ್ನೂ ಜೊತೆಗೆ ತಂದರು. ಒಂದೇ ಓಣಿಯಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು, ಹಿಂದಿ ಕಿವಿಗೆ ಬೀಳುವುದು ಇಲ್ಲಿ ವಿಶೇಷವೇನಲ್ಲ. ಇವೆಲ್ಲವುಗಳ ನಡುವೆ ಇಂಗ್ಲಿಷ್ ಎರಡು ಬಾಗಿಲುಗಳಿಂದ ಒಳಬಂದಿತು. ಒಂದು ದುಡಿಮೆಯ ಬಾಗಿಲು, ಇನ್ನೊಂದು ಶಾಲೆಯ ಬಾಗಿಲು.

ದುಡಿಮೆಯ ಬಾಗಿಲಿನಿಂದ ಬಂದ ಪದಗಳನ್ನು ಯಾರೂ ಕಂಠಪಾಠ ಮಾಡಲಿಲ್ಲ. ಡಿಪೋ, ಪಲ್ಪ್, ಶಿಫ್ಟ್, ಗೇಟ್‌ಪಾಸ್, ಓವರ್‌ಟೈಮ್, ರೀಮ್ ಮುಂತಾದವು ಅಕ್ಷರ ಬಲ್ಲವರ ಬಾಯಲ್ಲಿಯೂ ಅಕ್ಷರ ಬಾರದವರ ಬಾಯಲ್ಲಿಯೂ ಒಂದೇ ಸಲೀಸಿನಿಂದ ಆಡಿದವು. ‘ರೀಮ್’ ಎಂಬ ಪದವನ್ನೇ ನೋಡಬಹುದು. ಕಟ್ಟು, ಗಂಟು ಎಂಬ ಅರ್ಥದ ಅರಬ್ಬೀ ಪದವೊಂದು ಸ್ಪೇನ್ ಮತ್ತು ಫ್ರಾನ್ಸ್‌ಗಳ ನುಡಿಗಳನ್ನು ಹಾದು ಇಂಗ್ಲಿಷಿಗೆ ಬಂದು, ಅಲ್ಲಿಂದ ಕಾಳಿಯ ದಂಡೆಗೂ ತಲುಪಿದೆ. ಈಗ ಅದು 500 ಹಾಳೆಗಳ ಕಟ್ಟು. ಆ ಕಟ್ಟನ್ನು ಹೆಗಲಿಗೇರಿಸಿದ ಕಾರ್ಮಿಕನಿಗೆ ಪದದ ಚರಿತ್ರೆ ತಿಳಿಯದು. ಆದರೆ ಅದರ ಅರ್ಥ, ತೂಕ, ಬಳಸುವ ಸಂದರ್ಭ ಮೂರೂ ಸಂದೇಹವಿಲ್ಲದೆ ತಿಳಿದಿವೆ. ಪದವನ್ನು ವಸ್ತುವಿನೊಂದಿಗೆ, ಕ್ರಿಯೆಯೊಂದಿಗೆ, ಇತರರ ಮಾತಿನೊಂದಿಗೆ ಕೇಳಿ ಕಲಿತುದರಿಂದ ಅದು ಮರೆಯಲಿಲ್ಲ.

ಶಾಲೆಯ ಬಾಗಿಲಿನಿಂದ ಬಂದ ಇಂಗ್ಲಿಷಿನ ಕಥೆ ಬೇರೆ. 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಉತ್ತರ ಕನ್ನಡ ಜಿಲ್ಲೆ 1956ರ ಏಕೀಕರಣದವರೆಗೆ ಅಲ್ಲಿಯ ಶಿಕ್ಷಣಕ್ರಮವನ್ನೇ ಅನುಸರಿಸಿತು. ಸ್ವಾತಂತ್ರ್ಯದ ಹೊಸತರಲ್ಲಿ ಮುಂಬಯಿ ಸರ್ಕಾರವು ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ಮುಂದೂಡಿತ್ತು. ಹಳಿಯಾಳ, ಸೂಪಾ ಸೀಮೆಯ ಆ ತಲೆಮಾರಿನ ಮಕ್ಕಳು ಇಂಗ್ಲಿಷ್ ಅಕ್ಷರ ತಿದ್ದುವ ಹೊತ್ತಿಗೆ ಹರೆಯಕ್ಕೆ ಕಾಲಿಟ್ಟಿರುತ್ತಿದ್ದರು. ಕರ್ನಾಟಕದಲ್ಲಿ 2007–08ರಿಂದ ಸರ್ಕಾರಿ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿತು. ಕಲಿಕೆ ಆರಂಭವಾಗುವ ವಯಸ್ಸು ಏಳು ವರ್ಷದಷ್ಟು ಕೆಳಗಿಳಿಯಿತು. ಆದರೆ ಪದಗಳನ್ನು ಬರೆದಿಟ್ಟುಕೊಳ್ಳುವ ನೋಟುಪುಸ್ತಕದ ರೂಪ ಮಾತ್ರ ಹೆಚ್ಚು ಬದಲಾಗಲಿಲ್ಲ. ಪುಟದ ನಡುವೆ ಒಂದು ಗೆರೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ದಿನಕ್ಕೆ ಐದು ಪದ, ವಾರಕ್ಕೊಮ್ಮೆ ಒಪ್ಪಿಸುವುದು. ಈ ಎರಡು ಅಂಕಣಗಳ ಪುಟ ಕರ್ನಾಟಕದ ಎಲ್ಲ ಶಾಲೆಗಳಿಗೂ ಪರಿಚಿತ.

ಅಂಬೇವಾಡಿಯ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ಕಾರ್ಖಾನೆಯಲ್ಲಿ ದುಡಿಯುತ್ತಾರೆ, ಮನೆಮಾತು ಕೊಂಕಣಿ, ಶಾಲೆ ಕನ್ನಡದ್ದು. ಹತ್ತು ವರ್ಷಗಳಲ್ಲಿ ಅವಳು ಸಾವಿರಾರು ಪದಗಳನ್ನು ಎರಡು ಅಂಕಣಗಳಲ್ಲಿ ಬರೆದಿದ್ದಾಳೆ, ಒಪ್ಪಿಸಿದ್ದಾಳೆ, ಅಂಕ ಪಡೆದಿದ್ದಾಳೆ. ಪದವಿ ಮುಗಿದು ಹುಬ್ಬಳ್ಳಿಯಲ್ಲಿ ಕೆಲಸದ ಸಂದರ್ಶನಕ್ಕೆ ಕುಳಿತಾಗ ಎದುರಿನವರ ಪ್ರಶ್ನೆಯ ಪ್ರತಿಯೊಂದು ಪದವೂ ಅವಳಿಗೆ ಅರ್ಥವಾಗುತ್ತದೆ. ಉತ್ತರಕ್ಕೆ ಬೇಕಾದ ಪದಗಳೂ ನೆನಪಿಗೆ ಬರುತ್ತವೆ. ಅವುಗಳನ್ನು ಒಂದರ ಪಕ್ಕ ಒಂದನ್ನು ಇಡುವುದು ಹೇಗೆಂದು ಮಾತ್ರ ತೋಚುವುದಿಲ್ಲ. ಸುಮ್ಮನಿರುವುದನ್ನು ಕಂಡವರು ಅವಳಿಗೆ ಇಂಗ್ಲಿಷ್ ಬಾರದೆಂದು ಬರೆದುಕೊಳ್ಳುತ್ತಾರೆ. ಅವಳೂ ಹಾಗೆಯೇ ನಂಬಿ ಮರಳುತ್ತಾಳೆ. ಇಂತಹ ಮಕ್ಕಳು ಈ ನಾಡಿನಲ್ಲಿ ಕಡಮೆಯಿಲ್ಲ. ಪದಸಂಪತ್ತು ಇದ್ದೂ ಮಾತು ಹೊರಡದ ಈ ಸ್ಥಿತಿಗೆ ಬುದ್ಧಿಯ ಕೊರತೆ ಕಾರಣವಲ್ಲ. ನೋಟುಪುಸ್ತಕದಲ್ಲಿ ಇಲ್ಲದ ಒಂದು ಅಂಕಣ ಕಾರಣ.

ಎರಡು ಅಂಕಣಗಳ ಕ್ರಮ ಎಲ್ಲಿ ಎಡವುತ್ತದೆಂಬುದನ್ನು ದಿನಬಳಕೆಯ ಒಂದು ಕ್ರಿಯಾಪದದಿಂದಲೇ ತಿಳಿಯಬಹುದು. ಕನ್ನಡದ ‘ಕೇಳು’ ಎಂಬ ಧಾತುವಿಗೆ ಇಂಗ್ಲಿಷಿನಲ್ಲಿ ಕನಿಷ್ಠ ಮೂರು ಪದಗಳು: ಹಿಯರ್, ಲಿಸನ್, ಆಸ್ಕ್. ಮೂರರ ಎದುರಿಗೂ ‘ಕೇಳು’ ಎಂದೇ ಬರೆದುಕೊಂಡ ಮಗುವಿಗೆ ಮೂರೂ ಒಂದೇ. ಅದೇ ಪದಗಳಿಗೆ ಸರಳವಾದ ಲಕ್ಷಣ ಹೇಳಿದರೆ ಮೂರೂ ತಾವಾಗಿ ಬೇರ್ಪಡುತ್ತವೆ. ತಾನು ಬಯಸದಿದ್ದರೂ ಸದ್ದು ಕಿವಿಗೆ ಬೀಳುವುದು ಹಿಯರ್. ಮನಸ್ಸಿಟ್ಟು ಕಿವಿಗೊಡುವುದು ಲಿಸನ್. ಉತ್ತರವನ್ನೋ ವಸ್ತುವನ್ನೋ ಬಯಸಿ ನುಡಿಯುವುದು ಆಸ್ಕ್. ಹೀಗೆ ಬೇರ್ಪಡಿಸಿದ ಕೂಡಲೇ ಕನ್ನಡದಲ್ಲಿಯೇ ಇದ್ದ ಎರಡು ಪದಗಳು ನೆನಪಾಗುತ್ತವೆ: ‘ಕೇಳಿಸು’ ಮತ್ತು ‘ಆಲಿಸು’. ಕಾರ್ಖಾನೆಯ ಭೋಂಗಾ ಕೇಳಿಸುತ್ತದೆ. ಅಜ್ಜಿಯ ಕಥೆಯನ್ನು ಆಲಿಸುತ್ತಾರೆ. ಜೈನ ಗೃಹಸ್ಥನನ್ನು ‘ಶ್ರಾವಕ’ನೆಂದು ಕರೆಯುವುದೂ ಈ ಎರಡನೆಯ ಬಗೆಯ ಕೇಳುವಿಕೆಯಿಂದ. ಉಪದೇಶವನ್ನು ಕಿವಿಗೊಟ್ಟು ಆಲಿಸುವವನು ಶ್ರಾವಕ. ಇಂಗ್ಲಿಷ್ ಪದವೊಂದರ ಲಕ್ಷಣವನ್ನು ಅರಸಿ ಹೊರಟ ಮಗು ತನ್ನ ನುಡಿಯ ಸೂಕ್ಷ್ಮವೊಂದನ್ನು ಹಿಡಿದು ಮರಳುವುದು ಈ ಕ್ರಮದ ಲಾಭಗಳಲ್ಲಿ ಒಂದು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಉಂಟು. ಇಂಗ್ಲಿಷಿನ ‘ಬಾರೋ’ ಎಂಬ ಒಂದೇ ಪದಕ್ಕೆ ಕನ್ನಡದ ಲೋಕವ್ಯವಹಾರ ಹಲವು ಪದಗಳನ್ನು ಇಟ್ಟುಕೊಂಡಿದೆ. ಹಣವನ್ನು ಬಡ್ಡಿಗೆ ತಂದರೆ ಸಾಲ. ನಾಲ್ಕು ದಿನದ ಮಟ್ಟಿಗೆ ಪರಿಚಿತರಿಂದ ಪಡೆದರೆ ಕೈಗಡ. ಪುಸ್ತಕವನ್ನೋ ಪಾತ್ರೆಯನ್ನೋ ತಂದು ಅದನ್ನೇ ಮರಳಿಸಿದರೆ ಎರವಲು. ಹಿಂದಿರುಗಿಸುವ ಉದ್ದೇಶದಿಂದ, ಒಡೆಯನ ಒಪ್ಪಿಗೆ ಪಡೆದು, ಕೆಲವು ಕಾಲಕ್ಕೆ ತೆಗೆದುಕೊಳ್ಳುವುದು ಎಂಬ ಲಕ್ಷಣವನ್ನು ಓದಿದಾಗ ಈ ಮೂರಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಸಾಕೆಂದು ತಿಳಿಯುತ್ತದೆ. ಕೊಡುವವನ ಕಡೆಯಿಂದ ನೋಡಿದರೆ ಅದೇ ವ್ಯವಹಾರ ‘ಲೆಂಡ್’ ಆಗುತ್ತದೆ. ‘ಸಾಲ’ ಎಂದು ಒಂದೇ ಮಾತಿನಲ್ಲಿ ಅರ್ಥ ಬರೆದುಕೊಂಡವರು ಪೆನ್ನನ್ನು ಎರವಲು ಪಡೆಯುವಾಗ ಆ ಪದವನ್ನು ಬಳಸಲು ಹಿಂಜರಿಯುತ್ತಾರೆ. ಕೊಡುವವರಾರು, ಪಡೆಯುವವರಾರು ಎಂಬುದನ್ನೂ ತಲೆಕೆಳಗು ಮಾಡುತ್ತಾರೆ.

ಈಗಾಗಲೇ ಕನ್ನಡವಾಗಿಬಿಟ್ಟಿರುವ ಇಂಗ್ಲಿಷ್ ಪದಗಳು ಇನ್ನೂ ಹೆಚ್ಚು ಮೋಸಗೊಳಿಸುತ್ತವೆ. ನಮ್ಮ ಊರುಗಳಲ್ಲಿ ‘ಹೋಟೆಲ್’ ಎಂದರೆ ಇಡ್ಲಿ, ಚಹಾ ಸಿಗುವ ಸ್ಥಳ; ಇಂಗ್ಲಿಷಿನಲ್ಲಿ ಅದು ಬಾಡಿಗೆಗೆ ತಂಗುವ ಸ್ಥಳ. ತರಗತಿಯಲ್ಲಿ ‘ಡೌಟ್’ ಎಂದರೆ ಗುರುಗಳನ್ನು ಕೇಳಬೇಕಾದ ಪ್ರಶ್ನೆ. ಇಂಗ್ಲಿಷಿನಲ್ಲಿ ಅದು ಬಹುಮಟ್ಟಿಗೆ ನಂಬಿಕೆಯ ಕೊರತೆ. ‘ಬೋರ್’ ಎಂದೊಡನೆ ರೈತನ ಕಣ್ಣಿಗೆ ಕಟ್ಟುವುದು ಕೊಳವೆ ಬಾವಿ. ‘ಓನರ್’ ಎಂದರೆ ಬಾಡಿಗೆ ಮನೆಯ ಯಜಮಾನ. ಇವು ತಪ್ಪುಗಳೆಂದು ಹೀಯಾಳಿಸಬೇಕಾಗಿಲ್ಲ. ಒಂದು ನುಡಿಯಿಂದ ಇನ್ನೊಂದಕ್ಕೆ ಬಂದ ಪದ ಹೊಸ ಮನೆಯ ರೀತಿನೀತಿಗೆ ಒಗ್ಗಿಕೊಳ್ಳುವುದು ಸಹಜ. ಸಂಸ್ಕೃತದಿಂದ ಬಂದ ಎಷ್ಟೋ ಪದಗಳು ಕನ್ನಡದಲ್ಲಿ ಹೀಗೆಯೇ ಅರ್ಥ ಬದಲಿಸಿಕೊಂಡಿವೆ. ಆದರೆ ಆ ಪದವನ್ನು ಅದರ ತವರಿನಲ್ಲಿ ಬಳಸಬೇಕಾದಾಗ ತವರಿನ ಅರ್ಥ ತಿಳಿದಿರಬೇಕು. ಪರಿಚಿತವೆನಿಸುವ ಪದವನ್ನು ಯಾರೂ ನಿಘಂಟಿನಲ್ಲಿ ಹುಡುಕುವುದಿಲ್ಲವಾದ್ದರಿಂದ ಈ ಬಗೆಯ ತೊಡಕು ಕೊನೆಯವರೆಗೂ ಉಳಿಯುತ್ತದೆ.

ಹೊಸ ನುಡಿ ಕಲಿಯುವವನಿಗಾಗಿಯೇ ಲಕ್ಷಣ ಬರೆಯುವ ವಿದ್ಯೆ ಇಂಗ್ಲಿಷಿನಲ್ಲಿಯೂ ತಡವಾಗಿ ರೂಪುಗೊಂಡಿತು. 1755ರಲ್ಲಿ ಪ್ರಕಟವಾದ ಸ್ಯಾಮುಯೆಲ್ ಜಾನ್ಸನ್ನನ ಮಹಾನಿಘಂಟು ಉದಾಹರಣೆಗಳ ಸಂಪತ್ತಿಗೆ ಎಷ್ಟು ಹೆಸರಾಯಿತೋ, ಬಲೆಯ ಹೆಣಿಗೆಯಂತಹ ಸುಲಭ ವಸ್ತುವಿಗೂ ಅತಿಕಠಿಣ ಲಕ್ಷಣ ಹೇಳಿದ್ದಕ್ಕೆ ಅಷ್ಟೇ ನಗೆಗೀಡಾಯಿತು. ಸುಲಭವನ್ನು ಕಠಿಣದಿಂದ ವಿವರಿಸುವ ಈ ದೋಷಕ್ಕೆ ಮದ್ದು ಹುಡುಕಿದವರಲ್ಲಿ ಪ್ರಮುಖ ಮೈಕೆಲ್ ವೆಸ್ಟ್. ಭಾರತೀಯ ಶಿಕ್ಷಣ ಸೇವೆಯಲ್ಲಿದ್ದು ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ನಡೆಸುತ್ತಿದ್ದ ಅವರು, ಬಂಗಾಳಿ ಮಕ್ಕಳು ಇಂಗ್ಲಿಷ್ ಓದುವಾಗ ಎಡವುವುದನ್ನು ಹತ್ತಿರದಿಂದ ಕಂಡಿದ್ದರು. 1935ರಲ್ಲಿ ಜೇಮ್ಸ್ ಎಂಡಿಕಾಟ್ ಅವರೊಡನೆ ಸೇರಿ ಅವರು ತಂದ ನಿಘಂಟಿನಲ್ಲಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳನ್ನು ಕೇವಲ 1,490 ಪದಗಳಿಂದ ವಿವರಿಸಲಾಗಿತ್ತು. ಆ ಅಲ್ಪಸಂಖ್ಯೆಯ ಪದಗಳನ್ನು ಬಲ್ಲವನು ಉಳಿದೆಲ್ಲವನ್ನೂ ಇಂಗ್ಲಿಷಿನ ಮೂಲಕವೇ ತಿಳಿಯಬಹುದಾಗಿತ್ತು. ಇಂದು ವಿದ್ಯಾರ್ಥಿ ನಿಘಂಟುಗಳೆಲ್ಲವೂ ಅನುಸರಿಸುವ ಈ ನಿಯಮದ ಹಿಂದೆ ನಮ್ಮ ಉಪಖಂಡದ ಶಾಲಾಮಕ್ಕಳ ಕಷ್ಟವಿದೆ ಎಂಬುದನ್ನು ನೆನೆಯಬೇಕು.

ಇನ್ನೊಂದು ಹೆಜ್ಜೆ ಜಪಾನಿನಲ್ಲಿ ಮೂಡಿತು. 1924ರಲ್ಲಿ ಅಲ್ಲಿಗೆ ಇಂಗ್ಲಿಷ್ ಕಲಿಸಲು ಹೋದ ಎ. ಎಸ್. ಹಾರ್ನ್‌ಬಿ, ಅದಾಗಲೇ ಟೋಕಿಯೋದಲ್ಲಿ ಪದಬಳಕೆಯ ಸಂಶೋಧನೆ ಆರಂಭಿಸಿದ್ದ ಹೆರಾಲ್ಡ್ ಪಾಮರ್ ಅವರ ಬಳಗ ಸೇರಿದರು. ಪದದ ಅರ್ಥ ತಿಳಿದರೂ ಅದು ಎಂತಹ ವಾಕ್ಯದಲ್ಲಿ, ಯಾವ ಪದಗಳ ಸಂಗಡ ನಿಲ್ಲುತ್ತದೆಂದು ತಿಳಿಯದೆ ಜಪಾನೀ ವಿದ್ಯಾರ್ಥಿಗಳು ಮೌನವಾಗುತ್ತಿದ್ದರು. ಅವರಿಗಾಗಿ ಹಾರ್ನ್‌ಬಿ ಮತ್ತು ಸಂಗಡಿಗರು ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಅದನ್ನೇ ಆಕ್ಸ್‌ಫರ್ಡ್ ಮುದ್ರಣಾಲಯ 1948ರಲ್ಲಿ ಮರುಮುದ್ರಿಸಿ ಲೋಕಕ್ಕೆಲ್ಲ ಹಂಚಿತು. ಭಾರತದ ಕಾಲೇಜು ವಿದ್ಯಾರ್ಥಿಗಳ ಮೇಜಿನ ಮೇಲೆ ಇಂದಿಗೂ ಕಾಣುವ ದಪ್ಪ ಆಕ್ಸ್‌ಫರ್ಡ್ ನಿಘಂಟಿನ ಮೂಲ ಅದು. 1987ರಲ್ಲಿ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರೂಪುಗೊಂಡ ಕೋಬಿಲ್ಡ್ ನಿಘಂಟು ಇನ್ನೂ ಮುಂದುವರಿದು, ಲಕ್ಷಣವನ್ನೇ ಪೂರ್ಣ ವಾಕ್ಯವಾಗಿ ಬರೆಯಿತು. ಮನೆಯ ಹಿರಿಯರು ಮಗುವಿಗೆ ಪದವನ್ನು ತಿಳಿಸುವ ರೀತಿಯೂ ಇದೇ. ‘ಎರವಲು’ ಎಂದರೇನೆಂದು ಮಗು ಕೇಳಿದರೆ ಅಜ್ಜಿ ಪರ್ಯಾಯ ಪದ ಹೇಳುವುದಿಲ್ಲ. ಪಕ್ಕದ ಮನೆಯಿಂದ ಕೊಡ ತಂದು ನೀರು ತುಂಬಿಕೊಂಡು ಮತ್ತೆ ಅದನ್ನೇ ಕೊಟ್ಟುಬಂದರೆ ಅದು ಎರವಲು ತಂದದ್ದು ಎನ್ನುತ್ತಾಳೆ. ಲಕ್ಷಣ, ಉದಾಹರಣೆ ಎರಡೂ ಒಂದೇ ಉಸಿರಿನಲ್ಲಿ ಮುಗಿಯುತ್ತವೆ.

ಲಕ್ಷಣದೊಡನೆ ಪ್ರಯೋಗವನ್ನು ಕೊಡುವ ಈ ಪದ್ಧತಿ ಪಶ್ಚಿಮದಿಂದ ಬಂದ ಹೊಸತೆಂದು ಕನ್ನಡಿಗರು ಭಾವಿಸಬೇಕಾಗಿಲ್ಲ. ಕನ್ನಡದ ಶಬ್ದಶಾಸ್ತ್ರ ಈ ದಾರಿಯಲ್ಲಿಯೇ ನಡೆದುಬಂದಿದೆ. ಇಮ್ಮಡಿ ನಾಗವರ್ಮನ ‘ಅಭಿಧಾನವಸ್ತುಕೋಶ’ ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಪದ್ಯರೂಪದ ನಿಘಂಟು. ಶಾಲೆಯ ನೋಟುಪುಸ್ತಕದ ಎರಡು ಅಂಕಣಗಳಿಗೆ ಅದನ್ನು ಪೂರ್ವಜನೆಂದು ಕರೆಯಬಹುದು. ಕಂಠಪಾಠಕ್ಕೆ ಅನುಕೂಲವಾಗಲೆಂದು ಛಂದಸ್ಸಿನಲ್ಲಿ ಬರೆದ ಇಂತಹ ಕೃತಿಗಳು ಓದುಗನಿಗೆ ಅರ್ಥ ತಿಳಿಸಲು ಸಮರ್ಥವಾಗಿದ್ದವು. ಆದರೆ ಭಾಷೆಯ ನಡೆಯನ್ನು ತಿಳಿಸಬೇಕಾದಾಗ ಅದೇ ನಾಗವರ್ಮನು ನಿಘಂಟಿನ ಮಾರ್ಗವನ್ನು ಬಿಟ್ಟು ವ್ಯಾಕರಣದ ಮಾರ್ಗ ಹಿಡಿದನು. ‘ಕಾವ್ಯಾವಲೋಕನ’ದ ಶಬ್ದಸ್ಮೃತಿ ಭಾಗದಲ್ಲಿ ಕನ್ನಡದಲ್ಲಿಯೂ, ‘ಕರ್ನಾಟಕ ಭಾಷಾಭೂಷಣ’ದಲ್ಲಿ ಸಂಸ್ಕೃತದಲ್ಲಿಯೂ ನಿಯಮಗಳನ್ನು ಹೇಳಿದನು.

ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಈ ಮಾರ್ಗ ಪೂರ್ಣರೂಪ ತಾಳಿತು. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗ, ಜನ್ನಕವಿಯ ಸೋದರಳಿಯನಾದ ಅವನಿಗೆ ಕಾವ್ಯದ ಸಾಲುಗಳು ಮನೆಯ ಆಸ್ತಿಯಾಗಿ ದೊರೆತಿದ್ದವು. ಮೊದಲು ಕಂದಪದ್ಯದಲ್ಲಿ ಸೂತ್ರ, ಅನಂತರ ಗದ್ಯದಲ್ಲಿ ಅದರ ವೃತ್ತಿ, ಕೊನೆಗೆ ಪ್ರಯೋಗ: ಇದು ಅವನ ಕ್ರಮ. ಸೂತ್ರವನ್ನು ಹೇಳಿ ಸುಮ್ಮನಾಗುವುದು ಅವನಿಗೆ ಒಪ್ಪಿಗೆಯಿಲ್ಲ. ಹಿಂದಿನ ಕವಿಗಳು ಆ ರೂಪವನ್ನು ಎಲ್ಲಿ, ಹೇಗೆ ಬಳಸಿದ್ದಾರೆಂದು ತೋರಿಸಿದ ಮೇಲೆಯೇ ಮುಂದಿನ ಸೂತ್ರ. ಲಕ್ಷಣ ನಿಲ್ಲುವುದು ಲಕ್ಷ್ಯದ ಆಧಾರದ ಮೇಲೆ ಎಂಬ ಈ ನಿಷ್ಠೆಯಿಂದಾಗಿ, ಇಂದು ಮೂಲಗ್ರಂಥವೇ ದೊರೆಯದ ಕೆಲವು ಕಾವ್ಯಗಳ ಸಾಲುಗಳೂ ಅವನ ಉದಾಹರಣೆಗಳಲ್ಲಿ ಉಳಿದಿವೆ. ಗ್ರಂಥದ ಧಾತುಪ್ರಕರಣದಲ್ಲಿ ಕ್ರಿಯಾಪದಗಳ ಮೂಲರೂಪಗಳನ್ನು ಅರ್ಥಸಹಿತ ಪಟ್ಟಿ ಮಾಡಿರುವುದೂ ಕಲಿಯುವವನನ್ನು ಗಮನದಲ್ಲಿಟ್ಟುಕೊಂಡೇ.

ಈ ಪರಂಪರೆಯ ಕೊನೆಯ ಮಹಾವೈಯಾಕರಣನು ಅಂಬೇವಾಡಿ ಸೇರಿರುವ ಉತ್ತರ ಕನ್ನಡ ಜಿಲ್ಲೆಯವನೇ. ಸಂಗೀತಪುರವೆಂಬ ಹೆಸರೂ ಇರುವ, ಇಂದಿನ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಪೂರೈಸಿದನು. ಕನ್ನಡದ ವ್ಯಾಕರಣವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಹೇಳಿ, ಅವುಗಳಿಗೆ ತಾನೇ ವೃತ್ತಿಯನ್ನೂ ವ್ಯಾಖ್ಯಾನವನ್ನೂ ಬರೆದನು. ವಿವರಣೆಯ ಭಾಷೆ ಸಂಸ್ಕೃತವಾದರೂ ಪ್ರಯೋಗಗಳು ಕನ್ನಡ ಕವಿಗಳವು. ಕನ್ನಡವು ಶಾಸ್ತ್ರಕ್ಕೆ ತಕ್ಕ ಭಾಷೆಯಲ್ಲವೆಂಬ ಆಕ್ಷೇಪಕ್ಕೆ ಉತ್ತರವಾಗಿ ಅವನು 96,000 ಗ್ರಂಥಪ್ರಮಾಣದ ‘ಚೂಡಾಮಣಿ’ ವ್ಯಾಖ್ಯಾನವನ್ನು ಸಾಕ್ಷಿಯಾಗಿ ಮುಂದಿಟ್ಟನು. ಒಂದು ಪ್ರತಿಷ್ಠಿತ ಭಾಷೆಯನ್ನು ಸಂಪೂರ್ಣವಾಗಿ ಕರಗತ ಮಾಡಿಕೊಂಡು, ಅದರ ಮೂಲಕವೇ ತನ್ನ ನುಡಿಯ ಘನತೆಯನ್ನು ಸ್ಥಾಪಿಸಿದ ಈ ವಿದ್ವಾಂಸನ ನಿಲುವು, ಇಂಗ್ಲಿಷ್ ಕಲಿತರೆ ಕನ್ನಡ ಕಳೆದೀತೆಂಬ ಭಯಕ್ಕೂ, ಕನ್ನಡ ಬಿಟ್ಟರೆ ಮಾತ್ರ ಇಂಗ್ಲಿಷ್ ಬಂದೀತೆಂಬ ಭ್ರಮೆಗೂ ಒಂದು ಉತ್ತರವಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡು ಧಾರೆಗಳು ಒಬ್ಬನ ಕೈಯಲ್ಲಿ ಕೂಡಿದವು. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದು ಧಾರವಾಡ–ಹುಬ್ಬಳ್ಳಿ ಸೀಮೆಯಲ್ಲಿ ಕನ್ನಡ ಕಲಿತ ಫರ್ಡಿನಂಡ್ ಕಿಟೆಲ್, 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ, 1894ರಲ್ಲಿ ತನ್ನ ಕನ್ನಡ–ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಪ್ರಕಟಿಸಿದನು. ಸುಮಾರು 70,000 ಪದಗಳ ಆ ಕೃತಿಯಲ್ಲಿ ಅರ್ಥದ ಜೊತೆಗೆ ಕಾವ್ಯದ ಪ್ರಯೋಗಗಳೂ ಜನರ ಬಾಯಿಂದ ಆಯ್ದ ಗಾದೆಗಳೂ ತುಂಬಿವೆ. ಹೊರಗಿನಿಂದ ಬಂದವನೊಬ್ಬ ಕನ್ನಡವನ್ನು ಇಷ್ಟು ಆಳವಾಗಿ ಅರಿಯಲು ಸಾಧ್ಯವಾದದ್ದು ಪದದೊಡನೆ ಪ್ರಯೋಗವನ್ನೂ ಕೂಡಿಹಾಕಿದ್ದರಿಂದ. ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ ಮತ್ತು ಕಾವ್ಯಗಳ ಪ್ರಯೋಗಗಳೊಡನೆ ಇದೇ ಹಾದಿಯನ್ನು ವಿಸ್ತರಿಸಿತು. ಕನ್ನಡಕ್ಕೆ ದೊರೆತ ಈ ಉಪಚಾರ ಕನ್ನಡದ ಮಗು ಇಂಗ್ಲಿಷ್ ಕಲಿಯುವಾಗ ದೊರೆಯಲಿಲ್ಲ. ಅದರ ನೋಟುಪುಸ್ತಕಕ್ಕೆ ಎರಡೇ ಅಂಕಣಗಳು ಉಳಿದವು.

ಲಕ್ಷಣ, ಲಕ್ಷ್ಯ, ದೃಷ್ಟಾಂತಗಳ ಮೂಲಕ ಕಲಿಯುವ ಇನ್ನೊಂದು ಪರಂಪರೆ ಅಂಬೇವಾಡಿಗೆ ಬಹುದೂರವಲ್ಲದ ಮುಂಡಗೋಡದಲ್ಲಿ ಇಂದಿಗೂ ಜೀವಂತವಾಗಿದೆ. 1966ರಿಂದ ಅಲ್ಲಿ ನೆಲೆಸಿದ ಟಿಬೆಟನ್ ನಿರಾಶ್ರಿತರು ದ್ರೇಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳನ್ನು ಪುನಃ ಕಟ್ಟಿದರು. ಆ ವಿಹಾರಗಳ ಎಳೆಯ ಭಿಕ್ಷುಗಳು ತರ್ಕವಿದ್ಯೆಯ ಆರಂಭದಲ್ಲಿ ಪ್ರತಿಯೊಂದು ಪರಿಭಾಷೆಗೂ ಲಕ್ಷಣವನ್ನು ಬಾಯಿಪಾಠ ಮಾಡಿ, ಅದಕ್ಕೆ ಹೊಂದುವ ನಿದರ್ಶನವನ್ನು ಎದುರಾಳಿಯ ಪ್ರಶ್ನೆಗೆ ಉತ್ತರವಾಗಿ ಕೊಡಬೇಕು. ಚಪ್ಪಾಳೆಯ ಸದ್ದಿನೊಡನೆ ನಡೆಯುವ ಆ ವಾದದಲ್ಲಿ ಬರಿಯ ಪಾಠ ಒಪ್ಪಿಸಿದವನು ಎರಡನೆಯ ಪ್ರಶ್ನೆಗೇ ಸೋಲುತ್ತಾನೆ. ನಿದರ್ಶನ ಕೊಡಬಲ್ಲವನು ಮಾತ್ರ ಲಕ್ಷಣವನ್ನು ಅರಿತವನು.

ಹಾಗಾದರೆ ನೋಟುಪುಸ್ತಕದ ಮೂರನೆಯ ಅಂಕಣದಲ್ಲಿ ಏನಿರಬೇಕು? ಮೊದಲನೆಯದಾಗಿ, ಪದವು ಯಾವ ಸಂಗಾತಿಗಳೊಡನೆ ನಡೆಯುತ್ತದೆಂದು ತೋರಿಸುವ ಒಂದು ಚಿಕ್ಕ ವಾಕ್ಯ. ‘ಲಿಸನ್’ ಎಂಬುದರ ಜೊತೆಗೆ ‘ಟು’ ಬರುತ್ತದೆ, ‘ಆಸ್ಕ್’ ಎಂಬುದರ ಜೊತೆಗೆ ಬರುವುದಿಲ್ಲ ಎಂಬುದನ್ನು ಯಾವ ಕನ್ನಡ ಅರ್ಥವೂ ತಿಳಿಸಲಾರದು. ‘ಶಿ ಲಿಸನ್ಡ್ ಟು ಹರ್ ಗ್ರ್ಯಾಂಡ್‌ಮದರ್’, ‘ಹಿ ಆಸ್ಕ್ಡ್ ದ ಕಂಡಕ್ಟರ್’ ಎಂಬ ಎರಡು ವಾಕ್ಯಗಳು ವ್ಯಾಕರಣದ ಹೆಸರೆತ್ತದೆ ಅದನ್ನು ತಿಳಿಸುತ್ತವೆ. ಒಂದು ವಿಷಯದ ‘ಬಗ್ಗೆ’ ಚರ್ಚಿಸುವುದು ಕನ್ನಡದ ರೂಢಿಯಾದ್ದರಿಂದ ‘ಡಿಸ್ಕಸ್’ ಎಂಬುದರ ಮುಂದೆ ‘ಅಬೌಟ್’ ಸೇರಿಸುವವರು ಬಹಳ. ಸರಿಯಾದ ಒಂದು ಪ್ರಯೋಗವನ್ನು ಮೊದಲೇ ಬರೆದುಕೊಂಡವರು ಆ ರೂಢಿಗೆ ಬೀಳುವುದಿಲ್ಲ. ಕನ್ನಡದಲ್ಲಿ ಊಟ, ಸ್ನಾನ, ಫೋನು ಎಲ್ಲವನ್ನೂ ‘ಮಾಡು’ತ್ತೇವೆ. ಇಂಗ್ಲಿಷಿನಲ್ಲಿ ಊಟಕ್ಕೆ ‘ಹ್ಯಾವ್’, ಸ್ನಾನಕ್ಕೆ ‘ಟೇಕ್’ ಅಥವಾ ‘ಹ್ಯಾವ್’, ಫೋನ್ ಕರೆಗೆ ‘ಮೇಕ್’. ಯಾವುದಕ್ಕೆ ಯಾವುದು ಎಂಬುದಕ್ಕೆ ತರ್ಕವಿಲ್ಲ, ಪ್ರಯೋಗವೊಂದೇ ಪ್ರಮಾಣ.

ಎರಡನೆಯದಾಗಿ, ಆ ವಾಕ್ಯ ಕಲಿಯುವವರ ಲೋಕಕ್ಕೆ ಸೇರಿರಬೇಕು. ಹಾರ್ನ್‌ಬಿಯವರ ಪರಂಪರೆಯ ನಿಘಂಟುಗಳ ಉದಾಹರಣೆಗಳಲ್ಲಿ ಹಿಮ ಬೀಳುತ್ತದೆ, ಚಳಿಗೆ ಅಗ್ಗಿಷ್ಟಿಕೆ ಉರಿಯುತ್ತದೆ. ಅವು ಆ ನಾಡಿನ ಮಕ್ಕಳಿಗೆ ನಿಜ. ಜೋಯಿಡಾದ ಕಾಡಂಚಿನ ಮಗುವಿಗೆ ನಿಜವಾದದ್ದು ಮಳೆ. ಜಿನುಗು, ತುಂತುರು, ಸೋನೆ, ಜಡಿ ಎಂದು ಮಳೆಯನ್ನು ಬಗೆಬಗೆಯಾಗಿ ಹೆಸರಿಸುವ ನಾಡಿನ ಮಗು ‘ಡ್ರಿಜಲ್’, ‘ಷವರ್’, ‘ಡೌನ್‌ಪೋರ್’ ಎಂಬ ಪದಗಳನ್ನು ತನ್ನ ಆಷಾಢದ ಅನುಭವಕ್ಕೆ ಹೊಂದಿಸಿ ಮೂರು ವಾಕ್ಯ ಬರೆದರೆ ಅವು ಮತ್ತೆ ಅಳಿಸಿಹೋಗವು. ಕಾಳಿಯ ನೀರು, ಸೂಪಾ ಅಣೆಕಟ್ಟು, ಬಿದಿರುಮೆಳೆ, ಅಳ್ನಾವರದ ಬಂಡಿ, ತಂದೆಯ ರಾತ್ರಿಪಾಳಿ ಇವೆಲ್ಲವೂ ಇಂಗ್ಲಿಷ್ ವಾಕ್ಯದೊಳಗೆ ಬರಲು ಅರ್ಹವಾದುವೇ. ಕೇಶಿರಾಜನು ತನ್ನ ಸೂತ್ರಕ್ಕೆ ಉದಾಹರಣೆಯನ್ನು ಪಂಪ ಪೊನ್ನರಲ್ಲಿ ಹುಡುಕಿದನು. ಅವನ ಓದುಗರಿಗೆ ಆ ಸಾಲುಗಳು ಪರಿಚಿತವಾಗಿದ್ದವು. ಪರಿಚಿತದ ಮೂಲಕ ಅಪರಿಚಿತಕ್ಕೆ ಕರೆದೊಯ್ಯುವುದೇ ಉದಾಹರಣೆಯ ಧರ್ಮ.

ಈ ಸೀಮೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜೋಯಿಡಾದ ಕುಣಬಿಗಳ ಮನೆಮಾತು ಕೊಂಕಣಿ. ಹಳಿಯಾಳದ ಸುತ್ತಲಿನ ಸಿದ್ದಿಗಳು ಕೊಂಕಣಿಯ ಒಂದು ಬಗೆಯನ್ನೂ, ದನಗರ ಗೌಳಿಗಳು ಮರಾಠಿಯ ಒಂದು ಬಗೆಯನ್ನೂ ಆಡುತ್ತಾರೆ. ಇಂತಹ ಮನೆಗಳ ಮಗುವಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಭಾಷೆ. ‘ಶೈ’ ಎಂಬ ಪುಟ್ಟ ಪದದ ಎದುರಿಗೆ ‘ಲಜ್ಜಾಶೀಲ’ ಎಂದು ಬರೆಸಿದರೆ ಅದು ತಿಳಿಯದುದನ್ನು ತಿಳಿಯದುದರಿಂದ ವಿವರಿಸಿದಂತೆ. ಜಾನ್ಸನ್ನನ ದೋಷ ಇಲ್ಲಿ ಎರಡು ಭಾಷೆಗಳ ನಡುವೆ ಮರುಕಳಿಸುತ್ತದೆ. ಹೊಸಬರ ಮುಂದೆ ಮಾತಾಡಲು ಸಂಕೋಚಪಡುವವರು ಎಂಬ ಬಿಡಿಸಿದ ಮಾತು, ತರಗತಿಯ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತ ಗೆಳತಿಯ ಕುರಿತ ಒಂದು ವಾಕ್ಯ, ಇವೆರಡು ಸಾಕು. ಕನ್ನಡ ಅರ್ಥವನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ‘ತೇಗ’, ‘ಇಣಚಿ’ ಎಂಬಂತಹ ವಸ್ತುವಾಚಕಗಳಿಗೆ ನೇರ ಅರ್ಥದಷ್ಟು ಚುರುಕಾದ ದಾರಿ ಬೇರಿಲ್ಲ. ‘ಟೀಕ್’ ಮರಕ್ಕೆ ನಾಲ್ಕು ಸಾಲಿನ ಲಕ್ಷಣ ಓದಿಸುವುದು ದಾಂಡೇಲಿಯ ಮಗುವಿನ ಕಾಲಹರಣ. ಗುಣ, ಭಾವ, ಕ್ರಿಯೆಗಳನ್ನು ಹೇಳುವ ಪದಗಳಿಗೆ ಮಾತ್ರ ಅರ್ಥವು ಹೊಸ್ತಿಲಾಗಿ, ಲಕ್ಷಣ ಮತ್ತು ಪ್ರಯೋಗಗಳು ಒಳಮನೆಯಾಗಬೇಕು.

ಕಲಿತ ಪದ ಉಳಿಯುವ ಬಗೆಯನ್ನೂ ಯೋಚಿಸಬೇಕು. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ, ಅರ್ಥವಿಲ್ಲದ ಅಕ್ಷರಸಮೂಹಗಳು ಕಲಿತ ಮೊದಲ ಗಂಟೆಗಳಲ್ಲಿಯೇ ಅತಿವೇಗವಾಗಿ ಮರೆತುಹೋಗುವುದನ್ನು ತೋರಿಸಿದನು. ಬಿಡುವು ಕೊಟ್ಟು ಮರುಕಳಿಸಿದರೆ ಮರೆವು ನಿಧಾನವಾಗುತ್ತದೆ. ಸಂಬಂಧವಿಲ್ಲದ ಐದು ಪದಗಳ ಪಟ್ಟಿ ಮಗುವಿಗೆ ಹೆಚ್ಚುಕಡಮೆ ಅರ್ಥವಿಲ್ಲದ ಅಕ್ಷರಸಮೂಹವೇ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವು ಇಂದ್ರಿಯಜನ್ಯ ಜ್ಞಾನಕ್ಕೆ ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತದೆ: ಅವಗ್ರಹ, ಈಹೆ, ಅವಾಯ, ಧಾರಣೆ. ಏನೋ ಇದೆಯೆಂಬ ಮೊದಲ ಗ್ರಹಿಕೆ, ಅದೇನಿರಬಹುದೆಂಬ ವಿಚಾರಣೆ, ಇದು ಇದೇ ಎಂಬ ನಿಶ್ಚಯ, ಮರೆಯದಂತೆ ಹಿಡಿದಿಡುವುದು. ಪದವನ್ನು ಕಾಣುವುದು ಅವಗ್ರಹವಾದರೆ, ವಾಕ್ಯದಲ್ಲಿ ಅದರ ಅರ್ಥವನ್ನು ಊಹಿಸುವುದು ಈಹೆ. ಲಕ್ಷಣ ನೋಡಿ ಗೊತ್ತುಮಾಡಿಕೊಳ್ಳುವುದು ಅವಾಯ. ತನ್ನದೇ ವಾಕ್ಯದಲ್ಲಿ ಮತ್ತೆ ಮತ್ತೆ ಬಳಸುವುದು ಧಾರಣೆಗೆ ದಾರಿ. ಎರಡು ಅಂಕಣಗಳ ಪುಟ ಮೊದಲ ಮೆಟ್ಟಿಲಿನಿಂದ ನೇರವಾಗಿ ಕೊನೆಯದಕ್ಕೆ ಹಾರಲು ಹೇಳುತ್ತದೆ. ಈಹೆಗೆ ಅವಕಾಶವನ್ನೇ ಕೊಡದ ಕಲಿಕೆ ಉಳಿಯದಿದ್ದರೆ ಅದು ಮಗುವಿನ ಅಪರಾಧವಲ್ಲ.

ಮೂರನೆಯ ಅಂಕಣಕ್ಕೆ ಹಣದ ಖರ್ಚಿಲ್ಲ. ಇನ್ನೊಂದು ಗೆರೆ ಎಳೆಯಬೇಕು. ದಿನಕ್ಕೆ ಐದರ ಬದಲು ಎರಡೇ ಪದ ಸಾಕೆಂದು ಗುರುಗಳು ಒಪ್ಪಬೇಕು. ಮಗು ಬರೆದ ವಾಕ್ಯ ಸರಿಯೋ ತಪ್ಪೋ ಎಂದು ನೋಡುವ ತಾಳ್ಮೆ ಇರಬೇಕು. ಕೊನೆಯದು ಎಲ್ಲಕ್ಕಿಂತ ಕಷ್ಟ. ನಲವತ್ತು ಮಕ್ಕಳ ಎಂಬತ್ತು ವಾಕ್ಯಗಳನ್ನು ತಿದ್ದುವುದಕ್ಕಿಂತ ಎರಡು ನೂರು ಪದಗಳನ್ನು ಒಪ್ಪಿಸಿಕೊಳ್ಳುವುದು ಸುಲಭ. ಆದರೆ ಆ ಎಂಬತ್ತು ವಾಕ್ಯಗಳಲ್ಲಿ ಇಂಗ್ಲಿಷ್ ಮೊದಲ ಬಾರಿಗೆ ಅಂಬೇವಾಡಿಯ ಸಂಗತಿಗಳನ್ನು ಹೇಳುತ್ತದೆ. ಸಂದರ್ಶನದಲ್ಲಿ ಕುಳಿತ ಹುಡುಗಿಯನ್ನು ಬಹುತೇಕ ಮೊದಲು ಕೇಳುವುದು ಅವಳ ಊರು, ಮನೆ, ತಂದೆಯ ಕೆಲಸಗಳ ವಿಷಯವೇ. ರೀಮ್ ಎಂಬ ಪದವನ್ನು ಹೆಗಲಿನಿಂದ ಕಲಿತ ತಂದೆಯ ಬಗ್ಗೆ ಹೇಳಲು ಬೇಕಾದ ನಾಲ್ಕು ವಾಕ್ಯಗಳನ್ನು ಅವಳು ಹತ್ತು ವರ್ಷಗಳಲ್ಲಿ ಒಮ್ಮೆಯಾದರೂ ತನ್ನ ಕೈಯಿಂದ ಬರೆದಿದ್ದರೆ, ಅಂದು ಪದಗಳು ಅವಳನ್ನು ಕೈಬಿಡುವುದಿಲ್ಲ.